ಕೆಂಚು ಕೂದಲಿಗೆ ಮ್ಯಾಚಿಂಗ್

ಬಣ್ಣ ಹಚ್ಚುವುದಕ್ಕೆ ನನಗೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಅದನ್ನು ಬಿಡಿಸುವುದಕ್ಕೆ ಎರಡು ಸಾವಿರದ ಇನ್ನೂರು ರೂಪಾಯಿ ಆಯಿತು. ಪಾರ್ಲರಿನವಳು ಹೇಳಿದ್ದು ಮೂರೂವರೆ ಸಾವಿರ, ಇಳಿಸಿದ್ದು ನಾನು. ಹಾಗಂತ ಹೆಮ್ಮೆಪಡುವಂತಿಲ್ಲ, ಆ ಖರ್ಚು ಬೀಳಲು ಕಾರಣವೂ ನಾನೇ. ಯಾವ ತಪ್ಪು ಮಾಡಬೇಡಿ ಎಂದು ಮೂವತ್ತು ವರ್ಷದಿಂದ ಗಿರಾಕಿಗಳಿಗೆ ಹೇಳುತ್ತ ಬಂದಿದ್ದೇನೋ ಅದೇ ತಪ್ಪನ್ನು ಮಾಡಿದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಬಣ್ಣ ನೋಡಿದೆ. ಅದೂ ಬಟ್ಟೆಯದಲ್ಲ, ತಂಗಿಯ ತಲೆಯದು.

ಜಯನಗರದಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಎಂಟಡಿ ಅಗಲ, ಹನ್ನೆರಡಡಿ ಉದ್ದ. ನೀವು ಸೀರೆ ತಂದರೆ ಅದಕ್ಕೆ ಹೊಂದುವ ರವಿಕೆ ಬಟ್ಟೆ, ಲೈನಿಂಗು, ಫಾಲ್ಸು, ಲಂಗ ತೆಗೆದುಕೊಡುವುದು ನನ್ನ ಕಸುಬು. ಹಸಿರು ಎಂದರೆ ನಿಮಗೆ ಒಂದು ಹಸಿರು. ನನ್ನ ಕಪಾಟಿನಲ್ಲಿ ಗಿಳಿ ಹಸಿರು ಬೇರೆ, ಮೆಂತ್ಯದ ಸೊಪ್ಪಿನ ಹಸಿರು ಬೇರೆ, ಮಾವಿನ ಚಿಗುರು ಬೇರೆ, ಹಲಸಿನ ಎಲೆ ಬೇರೆ. ಈ ಅಂಗಡಿ ನನಗೆ ಯಾರೂ ಕೊಟ್ಟದ್ದಲ್ಲ. ಬ್ಯಾಗಿನಲ್ಲಿ ರವಿಕೆ ಬಟ್ಟೆ ಹೊತ್ತು ಮನೆಮನೆ ಸುತ್ತಿ, ಮೂರು ರೂಪಾಯಿ ಕಮ್ಮಿ ಮಾಡಿ ಎನ್ನುವವರಿಗೆ ಎರಡು ರೂಪಾಯಿ ಕಮ್ಮಿ ಮಾಡಿ, ಒಂದು ರೂಪಾಯಿ ಉಳಿಸಿಕೊಂಡು ಕಟ್ಟಿದ್ದು. ಅಂಗಡಿಗೆ ಬಂದವರಿಗೆ ನನ್ನದು ಒಂದೇ ಕಟ್ಟಪ್ಪಣೆ: ಒಳಗೆ ನಿಂತು ಬಣ್ಣ ಒಪ್ಪಬೇಡಿ. ಬಟ್ಟೆಯ ತಾನನ್ನು ಬಾಗಿಲಿಗೆ ತಂದು, ಸೀರೆಯ ಮೇಲೆ ಹರವಿ, ಬಿಸಿಲಿಗೆ ಹಿಡಿದು ನೋಡಿ. ಟ್ಯೂಬ್‌ಲೈಟು ಎಂಥ ನೇರಳೆಯನ್ನೂ ನೀಲಿ ಎಂದು ನಂಬಿಸಿಬಿಡುತ್ತದೆ.

ಇದೆಲ್ಲ ಈಗ ನೆನಪಾಗಲು ಕಾರಣ ಹೋದ ಭಾನುವಾರ ಕುಮಾರಸ್ವಾಮಿ ಲೇಔಟಿನ ನಮ್ಮ ರಸ್ತೆಯಲ್ಲಿ ಬಂದ ಒಬ್ಬ ಪಾತ್ರೆಯವನು. ಹಿಂದೆ ಸೈಕಲ್ಲಿನಲ್ಲಿ ಬರುತ್ತಿದ್ದರು, ಈಗ ಮೊಪೆಡ್ಡು, ಅದಕ್ಕೊಂದು ಸ್ಪೀಕರು. "ತಲೆ ಕೂದ್ಲು ಇದ್ರೆ ಕೊಡೀ, ಸ್ಟೀಲ್ ಪಾತ್ರೆ ತಗೊಳ್ಳೀ" ಎಂದು ಅದೇ ರಾಗ. ಆ ರಾಗ ಕೇಳಿದರೆ ಇವತ್ತಿಗೂ ನನ್ನ ಬೆನ್ನು ಚುರುಗುಟ್ಟುತ್ತದೆ.

ಯಾಕೆಂದರೆ ನನ್ನ ಬದುಕಿನ ಮೊದಲ ವ್ಯಾಪಾರ ನಡೆದದ್ದು ಅವನಂಥವನೊಬ್ಬನ ಜೊತೆ. ಆಗ ನಾವಿದ್ದದ್ದು ಹಳ್ಳಿ. ಈಗ ಅದನ್ನು ಬನಶಂಕರಿಯ ಯಾವುದೋ ಸ್ಟೇಜು ಎನ್ನುತ್ತಾರೆ. ನಮ್ಮ ಅವರೆ ಹೊಲ ಇದ್ದ ಕಡೆ ಮೂರು ಎಟಿಎಂ ಇವೆ. ಅಮ್ಮ ದಿನಾ ತಲೆ ಬಾಚಿ, ಬಾಚಣಿಗೆಗೆ ಬಂದ ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ ಗೋಡೆಯ ಸಂದಿಗೆ ತುರುಕುತ್ತಿದ್ದಳು. ಎರಡು ವರ್ಷ ಕೂಡಿಟ್ಟರೆ ಒಂದು ಚೌರಿ ಆಗುತ್ತದೆ, ಮದುವೆ ಮುಂಜಿಗೆ ಜಡೆಯೊಳಗೆ ಸೇರಿಸಿ ಹೆಣೆದುಕೊಂಡರೆ ಜಡೆ ದಪ್ಪ ಕಾಣುತ್ತದೆ ಎಂದು ಅವಳ ಲೆಕ್ಕ. ಪೇಟೆಯಲ್ಲಿ ಸಿದ್ಧ ಚೌರಿ ಸಿಗುತ್ತಿತ್ತು. ಆದರೆ ಸಿಗುತ್ತಿದ್ದದ್ದೆಲ್ಲ ಕಪ್ಪು. ಅಮ್ಮನ ಕೂದಲು ಕೆಂಚು. ಹುರಿದ ಧನಿಯಾ ಬಣ್ಣ ಅನ್ನಿ, ಬಿಸಿಲಿಗೆ ಹಿಡಿದ ಬೆಲ್ಲದ ಪಾಕ ಅನ್ನಿ.

ಒಂಬತ್ತು ವರ್ಷದ ನಾನು ಅಮ್ಮ ಹೊಲಕ್ಕೆ ಹೋಗಿದ್ದಾಗ ಗೋಡೆಯ ಸಂದಿಗಳನ್ನೆಲ್ಲ ಖಾಲಿ ಮಾಡಿ ಪಾತ್ರೆಯವನ ಮುಂದಿಟ್ಟೆ. ಅವನು ನಾಲ್ಕು ಪಿನ್ನು ಕೊಡಲು ಬಂದ. ನಾನು ಬಿಡುತ್ತೇನೆಯೇ? ಪಿನ್ನಿನಿಂದ ಬಲೂನಿಗೆ, ಬಲೂನಿನಿಂದ ಕೆಂಪು ಪ್ಲಾಸ್ಟಿಕ್ ಮಗ್ಗಿಗೆ ಏರಿಸಿದೆ. "ಕೆಂಚು ಕೂದ್ಲು ಪಾಪ. ಕರೀದಾಗಿದ್ರೆ ಬಿಂದಿಗೆನೇ ಕೊಡ್ತಿದ್ದೆ" ಎಂದ. ಮಗ್ಗು ಗೆದ್ದ ಹೆಮ್ಮೆಯಲ್ಲಿ ನಾನು ಅಮ್ಮ ಬರುವುದನ್ನೇ ಕಾಯುತ್ತಿದ್ದೆ. ಅವಳು ಬಂದಳು, ಗೋಡೆ ನೋಡಿದಳು, ನನ್ನ ಬೆನ್ನಿಗೆ ಎರಡು ಬಿಟ್ಟಳು, ಮಗ್ಗು ಹಿಡಿದು ಓಡಿದಳು. ಅವನು ದೊಡ್ಡ ರಸ್ತೆಯ ಹುಣಸೆ ಮರದ ಕೆಳಗೆ ಬೀಡಿ ಸೇದುತ್ತ ಕೂತಿದ್ದನಂತೆ. ಊರಿನ ಎಲ್ಲರ ಕೂದಲೂ ಒಂದೇ ಗೋಣಿಗೆ ಬಿದ್ದಿತ್ತು. ಅಮ್ಮ ಆ ಗೋಣಿ ಸುರಿದು, ಸಂಜೆವರೆಗೂ ಕೂತು, ತನ್ನದನ್ನು ಹೆಕ್ಕಿ ತಂದಳು. ಅರ್ಧ ಸಿಕ್ಕಿತು. ಕರಿ ಕೂದಲಾಗಿದ್ದರೆ ಒಂದೆಳೆಯೂ ಸಿಗುತ್ತಿರಲಿಲ್ಲ; ಕೆಂಚು ಆದದ್ದಕ್ಕೇ ಸಿಕ್ಕಿತು. ಆ ಅರ್ಧದಲ್ಲಿ ಆದ ಚೌರಿ ಇಲಿಯ ಬಾಲದಷ್ಟು ಸಪೂರ. ಅದನ್ನೇ ಅಮ್ಮ ಸಾಯುವವರೆಗೂ ಇಟ್ಟುಕೊಂಡಿದ್ದಳು. ಯಾರಾದರೂ ನಕ್ಕರೆ, "ದೊಡ್ಡ ಮಗಳು ವ್ಯಾಪಾರ ಕಲಿತ ಫೀಸು" ಎನ್ನುತ್ತಿದ್ದಳು.

ನನಗೆ ಅಪ್ಪನ ಕಡೆಯ ಕೂದಲು, ಕಾಡಿಗೆ ಕಪ್ಪು. ನನಗಿಂತ ಏಳು ವರ್ಷ ಚಿಕ್ಕವಳಾದ ಮಂಜುಳಾಗೆ ಅಮ್ಮನದು. ಶಾಲೆಯಲ್ಲಿ ಅವಳನ್ನು ಕೆಂಚಿ ಎಂದೇ ಕರೆಯುತ್ತಿದ್ದರು. ತಲೆಗೆ ಎಣ್ಣೆ ಕಾಣಿಸಿಲ್ಲವೇನೇ ಎಂದು ಮೇಷ್ಟ್ರು ಗದರಿದರೆ ಪಾಪ, ಮರುದಿನ ಹಣೆಗಿಳಿಯುವಷ್ಟು ಎಣ್ಣೆ ಬಳಿದುಕೊಂಡು ಹೋಗುವಳು. ದೊಡ್ಡವಳಾದ ಮೇಲೆ ಹೆಣ್ಣು ನೋಡಲು ಬಂದವರಿಗೆಲ್ಲ ಬೇಡ ಎಂದಳು. ಆಮೇಲೆ ಅಮ್ಮನ ಕಾಯಿಲೆ. ಅಮ್ಮನನ್ನು ಕೊನೆಯವರೆಗೂ ನೋಡಿಕೊಂಡವಳು ಅವಳೇ. ಅಮ್ಮ ಹೋದ ಮೇಲೆ ನಮ್ಮ ಮನೆಯ ಮಹಡಿಯಲ್ಲಿ ಇದ್ದುಕೊಂಡು ನನ್ನ ಅಂಗಡಿಯ ಸೀರೆಗಳಿಗೆ ಫಾಲ್ಸು ಹೊಲಿಯುತ್ತಿದ್ದಳು. ನಲವತ್ತೇಳಾಗಿತ್ತು. ಕೆಂಚಿನ ನಡುವೆ ಬಂದ ನರೆ ಬೇಗ ಕಾಣುವುದಿಲ್ಲ, ಗೋಧಿಯಲ್ಲಿ ಅಕ್ಕಿ ಬೆರೆತ ಹಾಗೆ. ಅವಳ ಬೈತಲೆಯ ಎರಡು ಪಕ್ಕ ಮಾತ್ರ ಬೆಳ್ಳಗಾಗಿತ್ತು.

ಹೀಗಿರುವಾಗ ಪಕ್ಕದ ರಸ್ತೆಯ ಸರೋಜಮ್ಮ ಒಂದು ಸಂಬಂಧ ತಂದರು. ಹಿಟ್ಟಿನ ಗಿರಣಿಯ ನಂಜುಂಡಪ್ಪ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ, ಮಗಳ ಮದುವೆ ಆಗಿದೆ. ಮಂಜುಳಾ ಹತ್ತು ವರ್ಷದಿಂದ ರಾಗಿ ಬೀಸಿಸಲು ಹೋಗುತ್ತಿದ್ದದ್ದು ಅಲ್ಲಿಗೇ.

"ಅವರೇ ಕೇಳಿದ್ರು ಕಣ್ರೀ" ಎಂದರು ಸರೋಜಮ್ಮ. "ನಾನಾಗಿ ತಂದದ್ದಲ್ಲ."

ಮಂಜುಳಾ ಸೀರೆಯಿಂದ ತಲೆ ಎತ್ತದೆ, ಸೂಜಿಗೆ ದಾರ ಪೋಣಿಸುತ್ತ, "ನೋಡೋಣ" ಎಂದಳು.

ನಿಮಗೆ ಅದು ಸಣ್ಣ ಮಾತು. ಇಪ್ಪತ್ತೈದು ವರ್ಷದಿಂದ ಅವಳ ಬಾಯಲ್ಲಿ "ಬೇಡ" ಬಿಟ್ಟು ಬೇರೇನೂ ಕೇಳಿರದ ನನಗೆ ಕಣ್ಣಲ್ಲಿ ನೀರು ಬಂತು. ಇದನ್ನು ಹೇಗಾದರೂ ಮಾಡಿ ಮುಗಿಸಬೇಕು ಎಂದು ನಿರ್ಧರಿಸಿದೆ. ನಾನು ನಿರ್ಧರಿಸಿದರೆ ಕೆಲಸ ಕೆಡುವುದು ಅಪರೂಪ, ಆದರೆ ಕೆಟ್ಟರೆ ಪೂರ್ತಿ ಕೆಡುತ್ತದೆ.

ನನ್ನ ತಲೆಗೆ ನಾನು ತಿಂಗಳಿಗೊಮ್ಮೆ ಕರಿ ಬಣ್ಣ ಹಚ್ಚುತ್ತೇನೆ. ಪ್ಯಾಕೆಟ್ಟುಗಳನ್ನು ಹೋಲ್‌ಸೇಲ್‌ನಲ್ಲಿ ಡಜನ್ ಲೆಕ್ಕದಲ್ಲಿ ತರುವುದು, ಡಜನ್ನಿಗೆ ಎರಡು ಫ್ರೀ. ಆ ಫ್ರೀ ಪ್ಯಾಕೆಟ್ಟಿನಲ್ಲಿ ಒಂದು ಉಳಿದಿತ್ತು. ನಂಜುಂಡಪ್ಪನವರು ಬರುವ ಹಿಂದಿನ ಸಂಜೆ ಮಂಜುಳಾಳನ್ನು ಬಚ್ಚಲಿನಲ್ಲಿ ಸ್ಟೂಲಿನ ಮೇಲೆ ಕೂರಿಸಿದೆ.

"ಅಕ್ಕ, ನಂದು ಕರೀ ಕೂದ್ಲಲ್ವಲ್ಲ" ಎಂದಳು.

"ಬಿಳೀದು ಮುಚ್ಚಿದ್ರೆ ಸಾಕು ಕಣೆ. ಕರಿ ಯಾರಿಗೆ ಬೇಡ?"

"ಅವ್ರು ನನ್ನ ಹತ್ತು ವರ್ಷದಿಂದ ನೋಡಿದಾರೆ."

"ಹಿಟ್ಟು ತುಂಬಿದ ಕಣ್ಣಲ್ಲಿ ನೋಡಿದಾರೆ. ತಲೆ ಬಗ್ಗಿಸು."

ಬಗ್ಗಿಸಿದಳು. ಬಚ್ಚಲಿನ ಟ್ಯೂಬ್‌ಲೈಟಿನಲ್ಲಿ ನೋಡಿದರೆ ಹತ್ತು ವರ್ಷ ಕಮ್ಮಿಯಾಗಿದ್ದಳು. ನಾನೇ ಮೆಚ್ಚಿಕೊಂಡೆ. ಬೆಳಿಗ್ಗೆ ಕಿಟಕಿಯ ಹತ್ತಿರ ನಿಂತಾಗ ನೋಡುತ್ತೇನೆ, ಕಾಗೆಯ ರೆಕ್ಕೆಯ ಹಾಗೆ ನೀಲಿ ಹೊಡೆಯುವ ಕಪ್ಪು. ಅದರ ಕೆಳಗೆ ಮುಖ ಸುಣ್ಣ ಬಳಿದ ಹಾಗೆ. ಹಣೆಯ ಅಂಚಿಗೆ ಒಂದು ಕರಿ ಗೆರೆ, ಎಷ್ಟು ಉಜ್ಜಿದರೂ ಹೋಗದು. ಎಲ್ಲಕ್ಕಿಂತ ಹೆಚ್ಚಾಗಿ ಹುಬ್ಬು. ಹುಬ್ಬುಗಳು ಕೆಂಚಾಗಿಯೇ ಉಳಿದಿದ್ದವು. ಹುಬ್ಬು ಅಮ್ಮನದು, ತಲೆ ಯಾರದೋ.

ಮಂಜುಳಾ ಕನ್ನಡಿ ನೋಡಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಹತ್ತು ಗಂಟೆಗೆ ನಂಜುಂಡಪ್ಪನವರು ಸರೋಜಮ್ಮನ ಜೊತೆ ಬಂದರು. ಅವರನ್ನು ನಾನು ಗಿರಣಿಯಲ್ಲಿ ಬಿಟ್ಟು ಬೇರೆಲ್ಲೂ ನೋಡಿದವಳಲ್ಲ. ಅಲ್ಲಿ ಅವರ ತಲೆ, ಮೀಸೆ, ರೆಪ್ಪೆ ಎಲ್ಲ ಹಿಟ್ಟು. ಎಪ್ಪತ್ತಿರಬಹುದು ಅಂದುಕೊಂಡಿದ್ದೆ. ತಲೆಗೆ ಸ್ನಾನ ಮಾಡಿ ಬಂದವರನ್ನು ನೋಡಿದರೆ ಐವತ್ತಮೂರು, ಮುಕ್ಕಾಲು ಪಾಲು ಕಪ್ಪು.

"ನನಗೂ ಗೊತ್ತಿರ್ಲಿಲ್ಲ ಅಕ್ಕ, ಇಷ್ಟು ಉಳಿದಿದೆ ಅಂತ" ಎಂದು ತಲೆ ಸವರಿಕೊಂಡು ನಕ್ಕರು. ಒಳ್ಳೆಯ ನಗು.

ಮಂಜುಳಾ ಉಪ್ಪಿಟ್ಟು ತಂದಿಟ್ಟಳು. ಸೆರಗು ಸರಿಯಲಿಲ್ಲ, ತಲೆ ಏಳಲಿಲ್ಲ. ಅವರು ಒಂದೇ ಒಂದು ಪ್ರಶ್ನೆ ಕೇಳಿದರು. "ರಾಗಿ ಈಗ ನುಣ್ಣಗೆ ಬರ್ತಿದೆಯಾ ಮೇಡಂ? ಕಲ್ಲು ಬದಲಾಯಿಸಿದೀವಿ." ಅವಳು ನೆಲ ನೋಡುತ್ತಲೇ ತಲೆಯಾಡಿಸಿ ಒಳಗೆ ಹೋದಳು. ಅವರು ಬಾಗಿಲಿನ ಕಡೆ ಸ್ವಲ್ಪ ಹೊತ್ತು ನೋಡಿದರು, ಉಪ್ಪಿಟ್ಟು ಮುಗಿಸಿದರು, ಎದ್ದರು.

ಮರುದಿನ ಸರೋಜಮ್ಮ ಬಂದರು. "ಅವ್ರು ಬೇಡ ಅಂತಿಲ್ಲ. ನಿಮ್ಮ ತಂಗಿಗೇ ಮನಸ್ಸಿಲ್ಲ ಅಂತಿದಾರೆ. ಯಾರೋ ಹಿಡ್ಕೊಂಡು ಬಣ್ಣ ಬಳಿದು ಕೂರಿಸಿದಂಗಿತ್ತು, ಮುಖ ಎತ್ತಲಿಲ್ಲ, ಬಲವಂತ ಮಾಡ್ಬೇಡಿ ಅಂತ ಹೇಳಿ ಅಂದ್ರು."

ನಾನು ಚಪ್ಪಲಿ ಮೆಟ್ಟಿಕೊಂಡೆ. "ಈಗಲೇ ಹೋಗಿ ಹೇಳ್ತೀನಿ."

ಮಂಜುಳಾ ಮೆಟ್ಟಿಲ ಮೇಲೆ ಅಡ್ಡ ನಿಂತಳು. "ಅಕ್ಕ, ನೀನು ಹೋದ್ರೆ ಚೌಕಾಶಿ ಆಗತ್ತೆ. ನಾನೇ ಹೋಗ್ತೀನಿ."

"ಹೋಗು ಮತ್ತೆ!"

"ಈ ತಲೆ ಇಟ್ಕೊಂಡು ಹೋಗಲ್ಲ. ಅವ್ರು ಕೇಳಿದ್ದು ನನ್ನ. ನಾನು ನನ್ನ ಥರ ಆದ್ಮೇಲೆ ಹೋಗ್ತೀನಿ."

ಅಲ್ಲಿಯವರೆಗೆ ಮನುಷ್ಯ ಕಾಯಬೇಕಲ್ಲ! ನಲವತ್ತೇಳು ವರ್ಷಕ್ಕೆ ಬಂದ ಒಂದೇ ಒಂದು "ನೋಡೋಣ" ನನ್ನ ಫ್ರೀ ಪ್ಯಾಕೆಟ್ಟಿನಲ್ಲಿ ಮುಳುಗಿಹೋಗುತ್ತದೇನೋ ಎಂದು ನನಗೆ ಊಟ ಸೇರಲಿಲ್ಲ. ಊಟ ಸೇರದಿರಲು ಇನ್ನೊಂದು ಕಾರಣವೂ ಇತ್ತು. ಅವಳು ಗಿರಣಿಗೆ ಹೋಗುವುದು ಬಿಟ್ಟದ್ದರಿಂದ ಅಂಗಡಿಯ ಪ್ಯಾಕೆಟ್ ರಾಗಿ ಹಿಟ್ಟು ಬರುತ್ತಿತ್ತು. ಮುದ್ದೆ ಬೆರಳಿಗೆ ಅಂಟುತ್ತಿತ್ತು.

ಹತ್ತಿರದ ಪಾರ್ಲರಿಗೆ ಹೋದರೆ ಕುಮಾರಸ್ವಾಮಿ ಲೇಔಟಿಗೆಲ್ಲ ಸುದ್ದಿ. ಅದಕ್ಕೆ ಬಿಟಿಎಂ ಲೇಔಟಿಗೆ ಹೋದೆವು, ಪಿಜಿಗಳ ಸಾಲಿನಲ್ಲಿ ಒಂದು ಸಣ್ಣ ಪಾರ್ಲರು. ನಡೆಸುವವಳು ಶಾಂತಿ, ಮೂವತ್ತೈದರ ಹೆಂಗಸು, ನನ್ನ ಹಾಗೆ ಸ್ವಂತ ಕೈಯಿಂದ ಮೇಲೆ ಬಂದವಳು. ತಲೆ ನೋಡಿದವಳೇ, "ಅಯ್ಯೋ ಆಂಟಿ, ಯಾರು ಹಾಕಿದ್ದು ಇದು?" ಎಂದಳು.

"ಯಾರೋ ಒಬ್ಬಳು" ಎಂದೆ.

ಮಂಜುಳಾ ಅಂದು ಮೊದಲ ಸಲ ನಕ್ಕಳು.

ಕರಿ ಬಣ್ಣದ ಮೇಲೆ ಬೇರೆ ಬಣ್ಣ ಹಚ್ಚಿದರೆ ಹಿಡಿಯುವುದಿಲ್ಲವಂತೆ. ಮೊದಲು ಕರಿ ಇಳಿಸಬೇಕು, ಅದೂ ನಿಧಾನವಾಗಿ, ಒಂದೇ ದಿನ ಇಳಿಸಿದರೆ ಕೂದಲು ತೆಂಗಿನ ನಾರಾಗುತ್ತದೆ. ಉದ್ದವನ್ನೂ ಸ್ವಲ್ಪ ಕತ್ತರಿಸಬೇಕು. ಮೂರು ಸಲ ಬರಬೇಕು, ಎರಡೆರಡು ವಾರ ಬಿಟ್ಟು. ಬೆಲೆ ಮಾತಾಡಿದೆವು. ನಾನು ಹೇಳಿದ ಕೊನೆಯ ಮಾತು ಅವಳಿಗೆ ನಾಟಿತು: "ನಿನ್ನ ಪಾರ್ಲರಿಗೆ ಬರೋ ಪಿಜಿ ಹುಡ್ಗೀರು ಸೀರೆ ಉಟ್ರೆ ರವಿಕೆ ಬಟ್ಟೆಗೆ ನನ್ನ ಹತ್ರಾನೇ ಬರ್ಬೇಕಮ್ಮ. ನಿನ್ನ ಹೆಸರು ಹೇಳಿದ್ರೆ ಕಮ್ಮಿ ಮಾಡ್ತೀನಿ." ಎರಡು ಸಾವಿರದ ಇನ್ನೂರಕ್ಕೆ ನಿಂತಿತು. ಕತ್ತರಿಸಿದ ಕೂದಲನ್ನೂ ಕವರಿನಲ್ಲಿ ಕಟ್ಟಿಸಿಕೊಂಡೆ. ಯಾಕೆ ಬಿಡಬೇಕು?

ಎರಡನೆಯ ಸಲಕ್ಕೆ ಕರಿ ಇಳಿದು ಹಳೇ ಬಾಣಲೆಯ ತುಕ್ಕಿನ ಬಣ್ಣಕ್ಕೆ ಬಂದಿತ್ತು. ಮೂರನೆಯ ಸಲ ನಿಜವಾದ ಪರೀಕ್ಷೆ. ಶಾಂತಿ ಉದ್ದನೆಯ ಶೇಡ್ ಕಾರ್ಡ್ ಬಿಡಿಸಿದಳು. ಕಂದು ಬಣ್ಣದಲ್ಲೇ ಮೂವತ್ತು. "ನಿಮ್ಮ ನ್ಯಾಚುರಲ್ ಕಲರ್ ಯಾವ್ದು ಆಂಟಿ?" ಎಂದು ಮಂಜುಳಾಳನ್ನು ಕೇಳಿದಳು. ಅವಳು ಹೇಗೆ ಹೇಳಿಯಾಳು? ತನ್ನ ತಲೆ ತಾನು ನೋಡಿದವರು ಯಾರಿದ್ದಾರೆ? ನಲವತ್ತು ಹಸಿರಿಗೆ ಹೆಸರು ಹೇಳುವ ನಾನೂ ತಂಗಿಯ ಕೂದಲಿನ ಬಣ್ಣಕ್ಕೆ ತಡವರಿಸಿದೆ.

ಆದರೆ ಸೀರೆ ಇಲ್ಲದೆ ಮ್ಯಾಚಿಂಗಿಗೆ ಬರಬಾರದು ಎಂಬ ಬುದ್ಧಿ ನನಗಿತ್ತು. ಹಿಂದಿನ ದಿನವೇ ಅಮ್ಮನ ಟ್ರಂಕು ತೆರೆದು ಇಲಿಬಾಲದ ಚೌರಿ ತಂದಿದ್ದೆ. ಬ್ಯಾಗಿನಿಂದ ತೆಗೆದೆ. ಮಂಜುಳಾ ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ಸವರಿದಳು.

"ಇದು ಅವಳದೇ ಬಣ್ಣ" ಎಂದೆ. "ಬಾ ಹೊರಗೆ."

"ಹೊರಗೆ ಯಾಕೆ ಆಂಟಿ? ಲೈಟಿದೆಯಲ್ಲ."

"ಲೈಟಿನ ಸಹವಾಸವೇ ಬೇಡ ನನಗೆ."

ಬಿಟಿಎಂ ಲೇಔಟಿನ ಫುಟ್‌ಪಾತಿನ ಮೇಲೆ, ಮಧ್ಯಾಹ್ನದ ಬಿಸಿಲಲ್ಲಿ, ಕೊರಳಿಗೆ ಕಪ್ಪು ಬಟ್ಟೆ ಕಟ್ಟಿದ ಮಂಜುಳಾ. ಅವಳ ತಲೆಗೆ ಚೌರಿ ಹಿಡಿದು ನಾನು. ಚೌರಿಗೆ ಶೇಡ್ ಕಾರ್ಡ್ ಹಿಡಿದು ಶಾಂತಿ. ಬೈಕಿನಲ್ಲಿ ಹೋಗುವವರು ನಿಧಾನ ಮಾಡಿ ನೋಡುತ್ತಿದ್ದರು. ಪಕ್ಕದ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಿದ್ದವನು, "ಏನ್ ಶೂಟಿಂಗ್ ಗುರು?" ಎಂದ. ಎರಡು ಶೇಡು ಬೆರೆಸಿದರೆ ಸರಿಹೋಗುತ್ತದೆ ಎಂದು ತೀರ್ಮಾನವಾಯಿತು. ಇನ್ನು ಬಳಿಯುವುದೇ ಎಂದು ನಾನು ಅಂದುಕೊಂಡಿದ್ದರೆ ಶಾಂತಿ ತಡೆದಳು.

"ಎಲ್ಲಾ ಬಿಳೀದು ಮುಚ್ಚಲ್ಲ ಆಂಟಿ. ಸಣ್ಣ ಸಣ್ಣ ಎಳೆ ಬಿಟ್ಟು ಬಿಟ್ಟು ಹಾಕ್ತೀನಿ. ಪೂರ್ತಿ ಮುಚ್ಚಿದ್ರೆ ಬುಡ ಬೆಳೆದಾಗ ಗೆರೆ ಎಳೆದಂಗೆ ಕಾಣತ್ತೆ. ಬೈತಲೇನೂ ಸ್ವಲ್ಪ ಪಕ್ಕಕ್ಕೆ ತರ್ತೀನಿ, ಬಿಳೀದು ಅರ್ಧ ಅಲ್ಲೇ ಅಡಗತ್ತೆ."

ಕಸುಬಿನವರ ಮಾತಿಗೆ ನಾನು ಎದುರಾಡುವುದಿಲ್ಲ. ಬೆಲೆಗೆ ಮಾತ್ರ ಆಡುತ್ತೇನೆ.

ಮುಗಿದ ಮೇಲೆ ಮಂಜುಳಾ ಮತ್ತೆ ಬಿಸಿಲಿಗೆ ಬಂದು ನಿಂತಳು. ಹುರಿದ ಧನಿಯಾ, ನಡುನಡುವೆ ಒಂದೆರಡು ಬೆಳ್ಳಿ ಎಳೆ. ಹುಬ್ಬು ಮತ್ತು ತಲೆ ಒಂದೇ ಮನೆಯವಾಗಿದ್ದವು.

ಮರುದಿನ ಬೆಳಿಗ್ಗೆ ಅವಳು ರಾಗಿ ಡಬ್ಬ ಹಿಡಿದು ಹೊರಟಳು. ನಾನು ಹಿಂದೆ ಹೋಗಬಾರದಿತ್ತು. ಹೋದೆ. ಗಿರಣಿಯ ಪಕ್ಕದ ತರಕಾರಿ ಗಾಡಿಯ ಹಿಂದೆ ನಿಂತು ಅವರೆಕಾಯಿ ಸೊಗಡು ನೋಡುವವಳಂತೆ ಮೂಸುತ್ತಿದ್ದೆ. ಗಿರಣಿಯ ಸದ್ದಿನಲ್ಲಿ ಏನು ಕೇಳೀತು ಎಂದುಕೊಂಡರೆ, ದೇವರು ದೊಡ್ಡವನು, ಕರೆಂಟ್ ಹೋಗಿತ್ತು. ಒಳಗೆ ಕತ್ತಲೆ. ನಂಜುಂಡಪ್ಪನವರು ಟವೆಲಿನಿಂದ ತಲೆ ಕೊಡವುತ್ತ ಬಾಗಿಲಿನ ಬೆಳಕಿಗೆ ಬಂದರು. ಎದುರಿಗೆ ಇವಳು. ಸೆರಗು ಭುಜದ ಮೇಲಿತ್ತು.

ಅವರು ಟವೆಲು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು.

"ಏನ್ ಮೇಡಂ, ಇಷ್ಟು ದಿನ ರಾಗಿ ಎಲ್ಲಿ ಹಾಕಿಸ್ತಿದ್ರಿ?"

"ಎಲ್ಲೂ ಇಲ್ಲ. ಪ್ಯಾಕೆಟ್ ಹಿಟ್ಟು ತಂದ್ವಿ." ಡಬ್ಬ ಮುಂದೆ ಚಾಚಿ, "ಚೆನ್ನಾಗಿರ್ಲಿಲ್ಲ" ಎಂದಳು.

ಅವರು ಡಬ್ಬ ತೆಗೆದುಕೊಂಡರು. ಕೆಳಗಿಡಲಿಲ್ಲ. "ಅವತ್ತು... ನಿಮಗೆ ಬಲವಂತ ಏನಾದ್ರೂ..."

"ಬಲವಂತ ಆಗಿದ್ದು ತಲೆಗೆ. ನನಗಲ್ಲ."

"ಯಾರು ಮಾಡಿದ್ದು?"

"ಆ ಅವರೆಕಾಯಿ ಗಾಡಿ ಹಿಂದೆ ನಿಂತವ್ಳಲ್ಲ, ಅವ್ಳು."

ತರಕಾರಿಯವನೂ ನನ್ನ ಕಡೆ ತಿರುಗಿ ನೋಡಿದ. ನಾನು ಎರಡು ಕೆಜಿ ಅವರೆಕಾಯಿ ಕೊಂಡೆ, ಅವನು ಹೇಳಿದ ಬೆಲೆಗೆ. ಬದುಕಿನಲ್ಲಿ ಅದೊಂದೇ ಸಲ.

ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಯಿತು. ಮಂಜುಳಾ ಅಮ್ಮನ ಇಲಿಬಾಲವನ್ನು ಜಡೆಯೊಳಗೆ ಹೆಣೆದುಕೊಂಡಿದ್ದಳು. ಎಲ್ಲಿ ಅಮ್ಮನದು ಮುಗಿಯಿತು, ಎಲ್ಲಿ ಅವಳದು ಶುರುವಾಯಿತು, ಮೂವತ್ತು ವರ್ಷ ಬಣ್ಣ ಹೊಂದಿಸಿದ ನನ್ನ ಕಣ್ಣಿಗೂ ತಿಳಿಯಲಿಲ್ಲ. ಈಗ ಅವಳು ಗಿರಣಿಯಲ್ಲಿ ತೂಕದ ಹತ್ತಿರ ಕೂರುತ್ತಾಳೆ. ಎರಡು ಸಾವಿರದ ಇನ್ನೂರು ರೂಪಾಯಿಯ ತಲೆಯ ಮೇಲೆ ದಿನಾ ಹಿಟ್ಟು ಕೂರುತ್ತದೆ. ಗಂಡ ಹೆಂಡತಿ ಇಬ್ಬರೂ ಒಂದೇ ಬಣ್ಣ. ಹೇಳಿದರೆ, "ಸಂಜೆ ತೊಳ್ಕೊಂಡ್ರೆ ನಂದು ನನಗೆ ಸಿಗತ್ತಲ್ಲಕ್ಕ" ಎನ್ನುತ್ತಾಳೆ.

ಇಷ್ಟು ಕಲಿತ ಮೇಲೆ ನಿಮಗೆ ಹೇಳದಿದ್ದರೆ ಹೇಗೆ? ನರೆ ಕಂಡ ಕೂಡಲೇ ಕೀಳಲು ಹೋಗಬೇಡಿ, ಪ್ಯಾಕೆಟ್ಟಿಗೂ ಓಡಬೇಡಿ. ಮೊದಲು ಬೈತಲೆ ಬದಲಿಸಿ ನೋಡಿ, ಅದಕ್ಕೆ ದುಡ್ಡು ಬೇಕಿಲ್ಲ. ಹಚ್ಚಲೇಬೇಕೆಂದರೆ ಬಣ್ಣ ಆರಿಸುವಾಗ ಕತ್ತಿನ ಹಿಂದಿನ ಕೂದಲಿಗೆ ಹೊಂದಿಸಿ; ಅಲ್ಲಿ ನರೆ ಬರುವುದು ತಡ, ನಿಮ್ಮ ಸ್ವಂತ ಬಣ್ಣ ಅಲ್ಲೇ ಉಳಿದಿರುತ್ತದೆ. ಕಾಣದಿದ್ದರೆ ಮನೆಯವರಿಗೆ ಫೋಟೋ ತೆಗೆಯಲು ಹೇಳಿ, ಬಿಸಿಲಿನಲ್ಲಿ. ಎರಡು ಶೇಡಿನ ನಡುವೆ ತೊಳಲಾಡುತ್ತಿದ್ದರೆ ತಿಳಿಯಾದದ್ದನ್ನೇ ಆರಿಸಿ. ತಿಳಿಯಾದರೆ ಗಾಢ ಮಾಡಬಹುದು, ಗಾಢವಾದದ್ದನ್ನು ಇಳಿಸಲು ಬಿಟಿಎಂಗೆ ಹೋಗಬೇಕು. ಮೊದಲ ಸಲವಾದರೆ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ಎರಡು ದಿನ ಕಾದು ನೋಡಿ, ಕೆರೆತ ಬಂದರೆ ಆ ಬಣ್ಣವೇ ಬೇಡ. ಕೆಂಚಿನವರು ಮದರಂಗಿಗೆ ಚಹಾ ಡಿಕಾಕ್ಷನ್ನು, ಎಲೆ ಅಡಿಕೆಗೆ ಹಾಕುವ ಕಾಚು ಸ್ವಲ್ಪ ಬೆರೆಸಿ. ಕಿತ್ತಳೆ ಹೊಡೆಯದೆ ಕಂದಿಗೆ ನಿಲ್ಲುತ್ತದೆ. ಎಲ್ಲ ನರೆಯನ್ನೂ ಮುಚ್ಚಬೇಡಿ. ಫ್ರೀ ಸಿಕ್ಕಿದ್ದನ್ನು ಇನ್ನೊಬ್ಬರ ತಲೆಗೆ ಕಟ್ಟಬೇಡಿ.

ಮತ್ತೆ ಆ ಪಾತ್ರೆಯವನ ವಿಷಯ. ಹೋದ ಭಾನುವಾರ ಕವರಿನಲ್ಲಿದ್ದ ಮಂಜುಳಾಳ ಕರಿ ಕೂದಲನ್ನು ಅವನಿಗೆ ಕೊಟ್ಟು ಒಂದು ಸ್ಟೀಲ್ ಡಬ್ಬ ತೆಗೆದುಕೊಂಡೆ, ಮುಚ್ಚಳ ಸಮೇತ. ನೀವೂ ಕೊಡಿ, ಆದರೆ ಎಲ್ಲವನ್ನೂ ಕೊಡಬೇಡಿ. ನರೆ ಬರುವ ಮೊದಲಿನದು ಒಂದು ಬೆರಳಷ್ಟು ಸುತ್ತಿ, ಕಾಗದದಲ್ಲಿ ಕಟ್ಟಿ, ಟ್ರಂಕಿನಲ್ಲಿಡಿ. ನಿಮ್ಮ ಬಣ್ಣ ಯಾವುದು ಎಂದು ಮುಂದೊಂದು ದಿನ ಯಾರಾದರೂ ಕೇಳುತ್ತಾರೆ. ನಿಮಗೇ ಮರೆತಿರುತ್ತದೆ. ಆಗ ನಿಮ್ಮ ಮಗಳೋ, ತಂಗಿಯೋ ಅದನ್ನು ಬಾಗಿಲಿಗೆ ತಂದು ಬಿಸಿಲಿಗೆ ಹಿಡಿಯಲಿ.